ಕೆಂಪು ಶಾಯಿಯ ಜರ್ಮನ್ ಹಾಳೆ

ಜನವರಿ ೧೨

ಮಗಳೇ,

ಹತ್ತು ದಿನದ ಜರ್ಮನ್ ತರಗತಿಯಲ್ಲಿ ನೀನು ನನ್ನನ್ನು ‘ಕೆಂಪಿಂಕು ದೊಡ್ಡಪ್ಪ’ ಎಂದು ಕರೆದು ಎಲ್ಲರನ್ನೂ ನಗಿಸಿದೆ. ಹಾಗಾಗಿ ನಿನ್ನನ್ನು ಮಗಳೇ ಎನ್ನುವ ಹಕ್ಕು ನನಗೆ ತಾನಾಗಿ ಬಂದಿದೆ.

ಮೊದಲು ಕೆಟ್ಟ ಸುದ್ದಿ. ನೀನು ನಿನ್ನ ಊರಿಗೆ ಹೋದ ಮೇಲೆ, ನಾವು ಕಲಿತ ವಾಚನಾಲಯದ ಕೋಣೆಗೆ ಬೀಗ ಬಿದ್ದಿದೆ. ಒಳಗೆ ನಗರಸಭೆಯ ಮುರುಕು ಕುರ್ಚಿಗಳನ್ನು ಸೂರಿನ ತನಕ ಪೇರಿಸಿದ್ದಾರೆ. ಆ ಕೋಣೆ ತೆರೆದ ದಿನ ನಾನು ಹೈಸ್ಕೂಲಿನಲ್ಲಿದ್ದೆ. ‘ಓದುವವರಿಗೆ ಈ ಬಾಗಿಲು ಎಂದೂ ಮುಚ್ಚದು’ ಎಂದು ಅಧ್ಯಕ್ಷರು ಮೇಜು ಗುದ್ದಿ ಹೇಳಿದ್ದೂ, ಗುದ್ದಿದ ರಭಸಕ್ಕೆ ಹೂದಾನಿ ಉರುಳಿದ್ದೂ ನೆನಪಿದೆ. ಹನ್ನೊಂದು ಅರ್ಜಿ ಬರೆದೆ, ಉತ್ತರವಿಲ್ಲ. ಹನ್ನೆರಡನೆಯದನ್ನು ನಿನ್ನೆ ಹಾಕಿದೆ. ಬರೆದದ್ದಕ್ಕೆ ಉತ್ತರ ಕೊಡದವರನ್ನು ನಾನು ಮನುಷ್ಯರ ಪಟ್ಟಿಯಿಂದ ತೆಗೆದುಹಾಕಿ ಬಹಳ ಕಾಲವಾಯಿತು.

ಐದು ಜನರಲ್ಲಿ ಉಳಿದವರು ನಾವಿಬ್ಬರೇ. ಬ್ಯಾಂಕಿನ ಗುಮಾಸ್ತನಿಗೆ ವರ್ಗವಾಯಿತು. ಕಾಲೇಜು ಹುಡುಗಿ ಚಿತ್ರಕಲೆಗೆ ಸೇರಿದಳು. ದರ್ಜಿ ದಾರಿಯಲ್ಲಿ ಸಿಕ್ಕಿ, “ಸಾರ್, ಆ ಭಾಷೇಲಿ ಮೇಜು ಗಂಡಂತೆ, ದೀಪ ಹೆಣ್ಣಂತೆ. ಮನೇಲಿರೋ ಗಂಡು ಹೆಣ್ಣಿನ ಜಗಳಾನೇ ಬಗೆಹರೀತಿಲ್ಲ, ಬಿಟ್ಬಿಡಿ ನನ್ನ” ಎಂದು ಕೈಮುಗಿದ.

ಅಂಚೆಯಲ್ಲೇ ಅಭ್ಯಾಸ ಮುಂದುವರಿಸೋಣ. ನಿಯಮ ಹೀಗೆ. ಪ್ರತಿ ಸಲ ಎರಡು ಹಾಳೆ: ಒಂದು ಕನ್ನಡ, ಒಂದು ಜರ್ಮನ್. ಜರ್ಮನ್ ಹಾಳೆಯನ್ನು ಇನ್ನೊಬ್ಬರು ಕೆಂಪು ಶಾಯಿಯಲ್ಲಿ ತಿದ್ದಿ ವಾಪಸು ಕಳಿಸಬೇಕು. ಬರೆದದ್ದು ನಿಜವಾಗಿರಬೇಕಿಲ್ಲ. ಪಾಠದ ಪುಸ್ತಕದಲ್ಲಿ ನಮಗೆಲ್ಲ ನಾಯಿಯಿತ್ತು, ತೋಟವಿತ್ತು, ಸರೋವರದ ಬಳಿ ಅಜ್ಜಿಯಿದ್ದಳು. ಹಾಗೆಯೇ.

ತಿದ್ದುವುದರಲ್ಲಿ ನನ್ನನ್ನು ನಂಬು. ಮೂವತ್ತನಾಲ್ಕು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದ್ದೇನೆ. ಕೊನೆಯ ವಾಕ್ಯದಿಂದ ಶುರುಮಾಡಿ ಮೇಲಕ್ಕೆ ಓದುವುದು ನನ್ನ ಪದ್ಧತಿ. ಮೇಲಿನಿಂದ ಓದಿದರೆ ಅರ್ಥ ನಮ್ಮನ್ನು ಎಳೆದುಕೊಂಡು ಹೋಗುತ್ತದೆ, ತಪ್ಪು ಕಣ್ಣು ತಪ್ಪಿಸುತ್ತದೆ. ಒಂದು ಕಾದಂಬರಿಯನ್ನು ಮೂರು ಸಲ ತಿದ್ದಿಯೂ ಕೊಲೆ ಮಾಡಿದವನು ಯಾರೆಂದು ನನಗೆ ತಿಳಿದಿರಲಿಲ್ಲ. ತಪ್ಪು ಮಾತ್ರ ಒಂದೂ ಉಳಿದಿರಲಿಲ್ಲ.

ಅರವತ್ತಾರರಲ್ಲಿ ನನಗೇಕೆ ಜರ್ಮನ್ ಎಂದು ನೀನು ಕೇಳಿದ್ದೆ. ನಮ್ಮ ಮುದ್ರಣಾಲಯದಲ್ಲಿ ಒಂದು ಹಳೆಯ ಜರ್ಮನ್ ಯಂತ್ರವಿತ್ತು, ಪಕ್ಕದಲ್ಲಿ ಹಿತ್ತಾಳೆಯ ಫಲಕ. ಅದನ್ನು ದಿನಾ ಒರೆಸಿ ಹೊಳಪು ಮಾಡುತ್ತಿದ್ದರು, ಓದಿದವರಿಲ್ಲ. ಯಂತ್ರ ನಡೆಸುತ್ತಿದ್ದವನ ಎರಡು ಬೆರಳು ಅದರೊಳಗೆ ಹೋದವು. ನಿವೃತ್ತನಾದ ಮೇಲೆ ನಿಘಂಟು ಹಿಡಿದು ಓದಿದೆ: ‘ಚಕ್ರ ನಿಲ್ಲುವ ತನಕ ಮುಚ್ಚಳ ತೆಗೆಯಬೇಡಿ’. ಕಣ್ಣೆದುರಿಗಿದ್ದದ್ದನ್ನು ಓದದ ಜನರ ಮೇಲೆ ನನಗಿರುವ ಸಿಟ್ಟು ಇವತ್ತಿಗೂ ಆರಿಲ್ಲ.

ಬರೆ.

ದೊಡ್ಡಪ್ಪ


ಜನವರಿ ೨೭

ದೊಡ್ಡಪ್ಪನವರಿಗೆ ನಮಸ್ಕಾರ.

ಕಾರ್ಯಾಗಾರದಲ್ಲಿ ಈ ವಾರ ಆರು ಕಾಲು, ಒಂದು ಕೈ. ನಾನೀಗ ಪ್ಲಾಸ್ಟರ್ ಅಚ್ಚು ತೆಗೆಯುವುದರಿಂದ ಹಿಡಿದು ತೊಗಲಿನ ಪಟ್ಟಿ ಹೊಲಿಯುವ ತನಕ ಎಲ್ಲವನ್ನೂ ಒಬ್ಬಳೇ ಮಾಡುತ್ತೇನೆ. ನಿನ್ನೆ ಬಸ್ಸಿನ ಕಂಡಕ್ಟರ್ ಒಬ್ಬರು ತಮ್ಮ ಹಳೆಯ ಕೃತಕ ಕಾಲು ಹಿಡಿದು ಬಂದರು. “ಅಕ್ಕಾ, ಇದು ಕಿರ್ರ್ ಅನ್ನುತ್ತೆ. ಜನ ಬಸ್ಸಿನ ಸದ್ದು ಅಂದ್ಕೊಂಡು ಡ್ರೈವರಿಗೆ ಬೈತಾರೆ. ಅವನು ನನ್ನ ಜೊತೆ ಮಾತು ಬಿಟ್ಟಿದಾನೆ” ಎಂದರು. ಕೀಲಿಗೆ ಎಣ್ಣೆ ಬಿಟ್ಟು ಕಳಿಸಿದೆ. ಆದರೆ ಮಂಡಿ ಸರಿಯಾಗಿ ಮಡಚುವ ಹೊಸ ಕೀಲುಗಳಿವೆಯಲ್ಲ, ಅವುಗಳ ಕೆಲಸ ಕಲಿಸುವುದು ನಾನು ತರಗತಿಯಲ್ಲಿ ಹೇಳುತ್ತಿದ್ದ, ಜರ್ಮನಿಯ ಆ ಒಂದು ವರ್ಷದ ಶಾಲೆಯಲ್ಲೇ. ಈ ವರ್ಷ ನಮ್ಮ ಕಾರ್ಯಾಗಾರಕ್ಕೆ ಒಂದು ಸ್ಥಾನವೆಂದು ಮೇಸ್ತ್ರಿ ನನ್ನ ಹೆಸರು ಬರೆದಿದ್ದಾರೆ. ಮೇ ೯ರ ಭಾಷಾ ಪರೀಕ್ಷೆ ಪಾಸಾಗಬೇಕು, ಅಷ್ಟೇ. ಪರೀಕ್ಷೆ ನಿಮ್ಮ ಊರಿನಲ್ಲೇ.

ನಿಮ್ಮ ಕಾಗದವನ್ನು ಅಣ್ಣ ಊಟದ ಮೇಜಿನಲ್ಲಿ ಗಟ್ಟಿಯಾಗಿ ಓದಿದ. ನಮ್ಮ ಮನೆಯಲ್ಲಿ ಯಾರ ಕಾಗದ ಬಂದರೂ ಒಡೆಯುವುದು ಅವನೇ. ಅಪ್ಪ ಹೋದಾಗಿನಿಂದ ಹಾಗೆ. ಹೂದಾನಿ ಉರುಳಿದ ಜಾಗಕ್ಕೆ ಬಂದಾಗ ಅತ್ತಿಗೆ ನಕ್ಕೂ ನಕ್ಕೂ ಸುಸ್ತಾದರು.

(ಜರ್ಮನ್ ಹಾಳೆ. ಕನ್ನಡಕ್ಕೆ ಮಾಡಿದ್ದು ಆಮೇಲೆ.)

ನನ್ನ ಅಣ್ಣ ಒಳ್ಳೆಯವನು. ಅವನಿಗೆ ಕಬ್ಬಿಣದ ಸಾಮಾನಿನ ಅಂಗಡಿ ಇದೆ. ಅವನು ನನ್ನ ಕಾಗದ ಓದುತ್ತಾನೆ. ಈ ಹಾಳೆ ಓದಲು ಅವನಿಗೆ ಬರುವುದಿಲ್ಲ. ಅದು ನನಗೆ ಸಂತೋಷ. ಈ ಹಾಳೆ ನನ್ನ ಕೋಣೆ. ಇದಕ್ಕೆ ಬಾಗಿಲು ಇದೆ.


ಫೆಬ್ರವರಿ ೯

ಮಗಳೇ,

ಆರು ತಪ್ಪು. ಕೆಂಪಿನಲ್ಲಿ ಗುರುತಿಸಿದ್ದೇನೆ. ಕೋಣೆ, ಬಾಗಿಲು ಎರಡರ ಲಿಂಗವೂ ಸರಿ, ಶಹಬಾಸ್. ವಾಕ್ಯಗಳು ಇನ್ನೂ ತುಂಡುತುಂಡು. ಸೇರಿಸಿ ಬರೆಯುವುದನ್ನು ಕಲಿ.

ಹನ್ನೆರಡನೆಯ ಅರ್ಜಿಗೂ ಉತ್ತರವಿಲ್ಲ. ನಾನೇ ಹೋದೆ. ಅಧಿಕಾರಿ ಚಹಾ ಕುಡಿಯುತ್ತಾ, “ಅರ್ಜಿ ನೋಡಿದೀವಿ ಯಜಮಾನ್ರೇ” ಎಂದ. “ನೋಡಿದ್ರೋ, ಓದಿದ್ರೋ?” ಎಂದೆ. “ಎರಡೂ ಒಂದೇ ಅಲ್ವಾ?” ಎಂದ. ಮನೆಗೆ ಬಂದು ಹದಿಮೂರನೆಯದನ್ನು ಬರೆದೆ. ಅದರ ಜರ್ಮನ್ ರೂಪವೇ ಈ ಸಲದ ನನ್ನ ಹಾಳೆ. ಬೈಗುಳಕ್ಕೆ ಪದ ಸಾಲದೆ ‘ಈ ಕುರ್ಚಿಗಳು ದುಃಖದಲ್ಲಿವೆ’ ಎಂದು ಮುಗಿಸಿದೆ. ತಿದ್ದಿ ಕಳಿಸು.

ದೊಡ್ಡಪ್ಪ


ಫೆಬ್ರವರಿ ೨೮

ದೊಡ್ಡಪ್ಪನವರಿಗೆ,

ನಿಮ್ಮ ಹಾಳೆಯಲ್ಲಿ ನಾಲ್ಕು ತಪ್ಪು. ಕುರ್ಚಿಗಳ ದುಃಖ ಮಾತ್ರ ಒಪ್ಪುವಂತಿತ್ತು, ತಿದ್ದಲಿಲ್ಲ.

ಅಮ್ಮನಿಗೆ ಈ ತಿಂಗಳ ಮೊದಲಲ್ಲಿ ಎಡಭಾಗ ಸ್ವಾಧೀನ ತಪ್ಪಿದೆ. ಈಗ ಮಾತು ಸ್ವಲ್ಪ ಬರುತ್ತಿದೆ. ಎತ್ತಿ ಕೂರಿಸುವುದು, ಹೊರಳಿಸುವುದು ನನ್ನ ಕೆಲಸ. ನನ್ನ ಕೈಗೆ ಅದು ಗೊತ್ತು. ಅದಕ್ಕೇ ಪರೀಕ್ಷೆ ಬಿಟ್ಟಿದ್ದೇನೆ. ಜರ್ಮನ್ ಇನ್ನು ಬರೀ ಹವ್ಯಾಸ, ಕಸೂತಿ ಹಾಕಿದ ಹಾಗೆ. ಅಣ್ಣನೂ ಅದೇ ಸರಿ ಎಂದ. ಎಲ್ಲರೂ ಚೆನ್ನಾಗಿದ್ದೇವೆ.

(ಜರ್ಮನ್ ಹಾಳೆ. ಕನ್ನಡಕ್ಕೆ ಮಾಡಿದ್ದು ಆಮೇಲೆ.)

ನಾನು ಪರೀಕ್ಷೆ ಬಿಟ್ಟಿಲ್ಲ. ಕನ್ನಡದ ಹಾಳೆ ಸುಳ್ಳು. ಈ ಹಾಳೆ ನಿಜ. ಅಣ್ಣ ಬೇಡ ಎನ್ನುತ್ತಾನೆ. ನಾನು ಅರ್ಜಿ ತುಂಬಿದ್ದೇನೆ. ನಿಮ್ಮ ಮನೆಯ ವಿಳಾಸ ಕೊಟ್ಟಿದ್ದೇನೆ. ಹಾಲ್ ಟಿಕೆಟ್ ನಿಮ್ಮ ಮನೆಗೆ ಬರುತ್ತದೆ. ದಯವಿಟ್ಟು ಅದನ್ನು ಇಟ್ಟುಕೊಳ್ಳಿ. ದಯವಿಟ್ಟು ಇಲ್ಲಿಗೆ ಕಳಿಸಬೇಡಿ. ನಾನು ಎರಡು ದಿನ ನಿಮ್ಮ ಮನೆಯಲ್ಲಿ ಇರಬಹುದೇ? ಅಮ್ಮನ ಜೊತೆ ಕಾರ್ಯಾಗಾರದ ಗೆಳತಿ ಇರುತ್ತಾಳೆ. ದಯವಿಟ್ಟು ಜರ್ಮನ್ ಹಾಳೆಯಲ್ಲಿ ಉತ್ತರ ಬರೆಯಿರಿ. ದಯವಿಟ್ಟು.


ಮಾರ್ಚ್ ೨೧

ಮಗಳೇ,

ಮೂರೇ ತಪ್ಪು! ನೀನು ಬೆಳೆದೆ. ಒಂದು ಸಲಹೆ: ‘ದಯವಿಟ್ಟು’ ಎಂಬ ಪದ ಒಂದೇ ಹಾಳೆಯಲ್ಲಿ ನಾಲ್ಕು ಸಲ ಬಂದಿದೆ. ಒಂದು ಸಾಕು, ಮೂರನ್ನು ಹೊಡೆದುಹಾಕಿದ್ದೇನೆ.

ಅಮ್ಮನ ಸುದ್ದಿ ಕೇಳಿ ನಿನ್ನ ದೊಡ್ಡಮ್ಮ ಬಹಳ ನೊಂದುಕೊಂಡಳು. ಆದರೆ ಪರೀಕ್ಷೆ ಬಿಟ್ಟದ್ದು ನನಗೆ ಹಿಡಿಸಲಿಲ್ಲ. ಕಸೂತಿಯಂತೆ! ನನ್ನ ಅಕ್ಕನನ್ನು ಗಣಿತದಿಂದ ಬಿಡಿಸಿದಾಗಲೂ ಮನೆಯವರು ಇದೇ ಮಾತು ಆಡಿದ್ದರು. ಐವತ್ತೆರಡು ವರ್ಷವಾಯಿತು, ಆ ಪದದ ಮೇಲೆ ನನಗೆ ಇನ್ನೂ ಕೋಪ.

ಇನ್ನೊಂದು ಅವಾಂತರ ಕೇಳು. ಪರೀಕ್ಷಾ ಕಚೇರಿಯಿಂದ ನಿನ್ನ ಹೆಸರಿನ ಹಾಲ್ ಟಿಕೆಟ್ ನಮ್ಮ ಮನೆಗೆ ಬಂದಿದೆ! ಬಿಟ್ಟವಳಿಗೆ ಟಿಕೆಟ್, ಅದೂ ಬೇರೊಬ್ಬರ ವಿಳಾಸಕ್ಕೆ. ಒಂದು ಲಕೋಟೆಯಲ್ಲಿ ಎರಡು ತಪ್ಪು. ನಾನು ಸುಮ್ಮನಿರುವವನೇ? ಅವತ್ತೇ ಅದನ್ನು ನಿಮ್ಮ ಮನೆಯ ವಿಳಾಸಕ್ಕೆ ರಿಜಿಸ್ಟರ್ ಮಾಡಿದೆ. ಕಚೇರಿಗೂ ಎರಡು ಪುಟ ಬರೆದು, ಸರಿಯಾದ ವಿಳಾಸ ತಿಳಿಸಿ, ಗುಮಾಸ್ತರ ಚಳಿ ಬಿಡಿಸಿದ್ದೇನೆ.

ದೊಡ್ಡಪ್ಪ


ಏಪ್ರಿಲ್ ೯

ಮಗಳೇ,

ಹತ್ತೊಂಬತ್ತು ದಿನವಾಯಿತು, ನಿನ್ನ ಕಾಗದವಿಲ್ಲ. ಅಂಚೆ ಕಚೇರಿಗೆ ಹೋಗಿ ವಿಚಾರಿಸಿದೆ. ರಿಜಿಸ್ಟರ್ ತಲುಪಿದೆ, ಸಹಿಯೂ ಬಂದಿದೆ ಎಂದರು. ಹಾಗಾದರೆ ನಿನಗೇನು ಕಷ್ಟ? ಬರೆದದ್ದಕ್ಕೆ ಉತ್ತರ ಕೊಡದವರ ಬಗ್ಗೆ ನನ್ನ ಅಭಿಪ್ರಾಯ ನಿನಗೆ ಗೊತ್ತು. ಆ ಪಟ್ಟಿಗೆ ನಿನ್ನ ಹೆಸರನ್ನು ಸೇರಿಸುವಂತೆ ಮಾಡಬೇಡ.

ದೊಡ್ಡಪ್ಪ


ಏಪ್ರಿಲ್ ೧೭
(ಕಾರ್ಯಾಗಾರದ ವಿಳಾಸಕ್ಕೆ. ಇಡೀ ಕಾಗದ ಜರ್ಮನ್‌ನಲ್ಲಿ. ಕನ್ನಡಕ್ಕೆ ಮಾಡಿದ್ದು ಆಮೇಲೆ.)

ನಿನ್ನ ಅಣ್ಣ ನನಗೆ ಕಾಗದ ಬರೆದಿದ್ದಾರೆ. ಅದು ಸಭ್ಯವಾದ ಕಾಗದ. ‘ಟಿಕೆಟ್ ಸಿಕ್ಕಿತು, ಹಿರಿಯರು ಸಕಾಲಕ್ಕೆ ನನ್ನ ಕಣ್ಣು ತೆರೆಸಿದಿರಿ, ಉಪಕಾರವಾಯಿತು’ ಎಂದು ಬರೆದಿದ್ದಾರೆ. ‘ಇವು ಇನ್ನು ಅವಳಿಗೆ ಬೇಡ’ ಎಂದು ನಿನ್ನ ಜರ್ಮನ್ ಹಾಳೆಗಳನ್ನು ವಾಪಸು ಕಳಿಸಿದ್ದಾರೆ.

ಉಪಕಾರ ಏಕೆ ಎಂದು ನನಗೆ ತಿಳಿಯಲಿಲ್ಲ. ನಾನು ಹಾಳೆಗಳನ್ನು ಮೇಲಿನಿಂದ ಕೆಳಕ್ಕೆ ಓದಿದೆ. ಮೊದಲ ಸಲ ಓದಿದೆ. ತಿದ್ದಿದ್ದೆ, ಓದಿರಲಿಲ್ಲ.

ನನ್ನ ಹೆಂಡತಿಗೂ ಹೇಳಿದೆ. ಅವಳು ಹೇಳಿದಳು: ಆ ಯಂತ್ರದ ಫಲಕ ಯಾರೂ ಓದಲಿಲ್ಲ ಎಂದು ಇಷ್ಟು ವರ್ಷ ಬೈದಿರಲ್ಲ.

ಕನ್ನಡದಲ್ಲಿ ಬರೆದರೆ ನಾನು ಕಾರಣ ಕೊಡುತ್ತೇನೆ. ಅದಕ್ಕೆ ನನ್ನ ಹತ್ತಿರ ಬಹಳ ಪದ ಇದೆ. ಜರ್ಮನ್‌ನಲ್ಲಿ ಸ್ವಲ್ಪವೇ ಪದ ಇದೆ. ತಪ್ಪು ನನ್ನದು. ನಿನ್ನ ಪ್ರಶ್ನೆಗೆ ಉತ್ತರ: ಹೌದು. ನಮ್ಮ ಮನೆಯಲ್ಲಿ ಇರಬಹುದು. ನಾಳೆ ಪರೀಕ್ಷಾ ಕಚೇರಿಗೆ ಹೋಗುತ್ತೇನೆ.


ಏಪ್ರಿಲ್ ೧೮

ಮಗಳೇ,

ಇದೂ ಕಾರ್ಯಾಗಾರದ ವಿಳಾಸಕ್ಕೇ. ಅವಸರದ ಕಾಗದ.

ಪರೀಕ್ಷಾ ಕಚೇರಿಯ ಕಿಟಕಿಯಲ್ಲಿ ಒಬ್ಬಳು ಗುಮಾಸ್ತೆ. ಹೆಸರು ಹೇಳಿದೆನೋ ಇಲ್ಲವೋ, ಹಿಂದೆ ತಿರುಗಿ, “ಏ, ಬನ್ರೇ ಎಲ್ಲಾ, ಆ ಎರಡು ಪುಟದ ತಾತ ಬಂದಿದಾರೆ!” ಎಂದು ಕೂಗಿದಳು. ನಾಲ್ಕು ಜನ ಎದ್ದು ಬಂದರು. ನನ್ನ ಕಾಗದವನ್ನು ಗೋಡೆಯ ಹಲಗೆಗೆ ಸೂಜಿ ಚುಚ್ಚಿ ಇಟ್ಟಿದ್ದರು.

“ತಾತಾ, ನಮ್ಮನ್ನ ‘ಅಕ್ಷರದ ಮುಖ ನೋಡದವರು’ ಅಂದಿದೀರಲ್ಲ, ಹುಡುಗಿ ಕೊಟ್ಟ ವಿಳಾಸ ಇದೇ. ನೋಡಿ, ಅವಳದೇ ಅಕ್ಷರ” ಎಂದು ನಿನ್ನ ಅರ್ಜಿ ತೋರಿಸಿದಳು.

“ನೋಡ್ದೆ. ತಪ್ಪು ನಂದು” ಎಂದೆ.

“ಏನಂದ್ರಿ? ಸ್ವಲ್ಪ ಜೋರಾಗಿ.”

“ತಪ್ಪು ನಂದು!”

ಈ ಮಾತನ್ನು ನಾನು ಯಾವ ಸರಕಾರಿ ಕಿಟಕಿಯಲ್ಲೂ ಆಡಿದವನಲ್ಲ. ಅವಳು ನಗಲಿಲ್ಲ, ಕುರ್ಚಿ ಎಳೆದು ಕೂರಿಸಿದಳು. ನಾನು ಅವಳಿಗೆ ಎಲ್ಲವನ್ನೂ ಹೇಳಿದೆ. ಹೊಸ ಟಿಕೆಟ್ ಕೊಡಬಹುದಂತೆ. ಆದರೆ ನಮೂನೆಗೆ ನಿನ್ನದೇ ಸಹಿ, ನಿನ್ನದೇ ಭಾವಚಿತ್ರ ಬೇಕು. ಮೇ ೩ರೊಳಗೆ ಅವಳ ಕೈ ಸೇರಬೇಕು. ನಮೂನೆ ಇದರ ಜೊತೆಗಿದೆ. ಬರುವುದೂ ಬಿಡುವುದೂ ನಿನ್ನ ಇಷ್ಟ. ನಾನು ಸಲಹೆ ಕೊಡುವುದಿಲ್ಲ.

ದೊಡ್ಡಪ್ಪ


ಏಪ್ರಿಲ್ ೨೬

ದೊಡ್ಡಪ್ಪನವರಿಗೆ,

ಕನ್ನಡದಲ್ಲೇ ಬರೆಯುತ್ತೇನೆ. ಬಚ್ಚಿಡುವಂಥದ್ದು ಇನ್ನೇನೂ ಉಳಿದಿಲ್ಲ.

ರಿಜಿಸ್ಟರ್ ಬಂದಾಗ ನಾನು ಅಮ್ಮನ ಬೆನ್ನು ಒರೆಸುತ್ತಿದ್ದೆ. ಅಣ್ಣ ಬಾಗಿಲಲ್ಲೇ ಒಡೆದ. ಅವನು ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತು.

“ಬಿಟ್ಟೆ ಅಂದ್ಯಲ್ಲ?”

“ಅಂದೆ.”

“ನಂಗೆ ಸುಳ್ಳು ಹೇಳ್ದೆ. ಗುರುತಿಲ್ಲದ ಆ ಯಜಮಾನ್ರು ನಿಜ ಕಳ್ಸಿದಾರೆ. ಊರಿನವರ ಕಾಲೆಲ್ಲಾ ಸರಿ ಮಾಡ್ತೀಯ. ನೀನು ಒಂದು ವರ್ಷ ಹೋದ್ರೆ ಅಮ್ಮನ್ನ ಎತ್ತಿ ಕೂರ್ಸೋರು ಯಾರು? ನಿನ್ನ ಅತ್ತಿಗೆ ಸೊಂಟ ಎಂಥದು ಅಂತ ಗೊತ್ತಲ್ಲ?”

ಅವನ ಪ್ರಶ್ನೆಯಲ್ಲಿ ತಪ್ಪಿರಲಿಲ್ಲ. ಅದಕ್ಕೆ ಉತ್ತರ ಹುಡುಕಲು ನನಗೆ ಸಮಯ ಬೇಕಿತ್ತು. ಅಷ್ಟು ಸಮಯವನ್ನೇ ನಾನು ಜರ್ಮನ್ ಹಾಳೆಯಲ್ಲಿ ನಿಮ್ಮಿಂದ ಕೇಳಿದ್ದು. ಟಿಕೆಟ್ಟನ್ನು ಅಂಗಡಿಯ ಬೀರುವಿನಲ್ಲಿಟ್ಟು ಬೀಗ ಹಾಕಿದ. ಹರಿದು ಹಾಕಲಿಲ್ಲ. ಅವನು ಕಾಗದ ಒಡೆಯುವವನು, ಹರಿಯುವವನಲ್ಲ.

ಆಮೇಲೆ ನಿಮ್ಮ ತಿದ್ದಿದ ಹಾಳೆ ನೋಡಿದೆ. ನಾಲ್ಕು ಸಲ ಕೇಳಿಕೊಂಡಿದ್ದೆ. ಮೂರನ್ನು ನೀವು ಕೆಂಪು ಗೆರೆಯಿಂದ ಹೊಡೆದಿದ್ದಿರಿ. ಇಷ್ಟು ಓದಿದವರು, ಇಷ್ಟೆಲ್ಲ ನೆನಪಿರುವವರು ಹೀಗೆ ಮಾಡಬಹುದೆಂದು ನನಗೆ ತೋಚಿರಲಿಲ್ಲ. ಕೋಪ ಇನ್ನೂ ಇದೆ. ಇಲ್ಲ ಎಂದು ಬರೆದರೆ ಅದೂ ಕನ್ನಡದ ಹಾಳೆಯ ಸುಳ್ಳಾಗುತ್ತದೆ.

ಒಂದು ವಾರದಿಂದ ಅಣ್ಣನಿಗೆ ಅಮ್ಮನನ್ನು ಎತ್ತುವುದು ಕಲಿಸುತ್ತಿದ್ದೇನೆ. “ಬೆನ್ನು ಬಗ್ಗಿಸ್ಬೇಡ, ಮಂಡಿ ಬಗ್ಸು. ಕಬ್ಬಿಣದ ಚೀಲ ಅಲ್ಲ ಅದು” ಎಂದರೆ ಅಮ್ಮ ಅರ್ಧ ಬಾಯಲ್ಲೇ, “ಚೀಲಾನೇ ವಾಸಿ, ಇವನು ಅದನ್ನ ಮೆತ್ತಗೆ ಇಳಿಸ್ತಾನೆ” ಎಂದಳು. ಅವನು ಮೊದಲ ಸಲ ನಕ್ಕ. ನಿನ್ನೆ ಒಬ್ಬನೇ ಎತ್ತಿ ಕೂರಿಸಿದ. ಆಗ ಹೇಳಿದೆ, “ಮೇ ಏಳಕ್ಕೆ ಹೋಗ್ತೀನಿ. ಕೇಳ್ತಿಲ್ಲ, ಹೇಳ್ತಿದೀನಿ.” ಅವನು ಅಮ್ಮನ ದಿಂಬು ಸರಿಮಾಡುತ್ತಿದ್ದ. ಬೇಡ ಎನ್ನಲಿಲ್ಲ. ಹೂಂ ಎನ್ನಲೂ ಇಲ್ಲ.

ಸಹಿ ಮಾಡಿದ ನಮೂನೆ ಇದರ ಜೊತೆಗಿದೆ. ಆ ಊರಿನಲ್ಲಿ ನನಗೆ ಬೇರೆ ಮನೆಯಿಲ್ಲ, ನಿಮ್ಮ ಮನೆಗೇ ಬರುತ್ತೇನೆ. ದೊಡ್ಡಮ್ಮನಿಗೆ ತಿಳಿಸಿ.


ಜೂನ್ ೨೦

ದೊಡ್ಡಪ್ಪನವರಿಗೆ,

ಫಲಿತಾಂಶ ಬಂತು. ಬರವಣಿಗೆಯಲ್ಲಿ ಪಾಸು, ಒಳ್ಳೆಯ ಅಂಕ. ಮಾತಿನಲ್ಲಿ ಫೇಲು.

ಪರೀಕ್ಷಕಿ ಸೌಮ್ಯ ಹೆಂಗಸು. “ನಿಮ್ಮ ಮನೆಯವರ ಬಗ್ಗೆ ಹೇಳಿ” ಎಂದು ಜರ್ಮನ್‌ನಲ್ಲಿ ಕೇಳಿದರು. ಬರೆಯಲು ಹೇಳಿದ್ದರೆ ಎರಡು ಪುಟ ಬರೆಯುತ್ತಿದ್ದೆ. ಬಾಯಿ ತೆರೆದರೆ ಒಂದು ಪದವೂ ಹೊರಡಲಿಲ್ಲ. ಮತ್ತೆ ಕೇಳಿದರು. ನಾನು ಅವರ ಮೇಜಿನ ಗಡಿಯಾರ ನೋಡುತ್ತಾ ಕೂತೆ.

ಇದು ಬರೀ ನಿಮ್ಮ ತಪ್ಪಲ್ಲ. ನಿಮ್ಮ ಮನೆಯಲ್ಲಿ ಎರಡು ದಿನ ಇದ್ದೆ. ಊರೆಲ್ಲ ಹುಡುಕಿದರೂ ನನಗೆ ಸಿಗಬಹುದಾಗಿದ್ದ ಒಬ್ಬರೇ ಒಬ್ಬ ಸಹಪಾಠಿ ನೀವು, ಎದುರಿಗೇ ಕೂತಿದ್ದಿರಿ. ನಾನು ಮಾತೆಲ್ಲ ದೊಡ್ಡಮ್ಮನ ಜೊತೆ ಆಡಿದೆ. ನೀವು ಬಾಗಿಲ ಬಳಿ ಬಂದು, ಕನ್ನಡಕ ಒರೆಸಿಕೊಂಡು, ಏನೋ ಕೇಳಲು ಹೋಗಿ, “ಫ್ಯಾನ್ ಹಾಕ್ಲಾ?” ಎಂದು ಹೊರಟುಹೋದಿರಿ. ಮೂರು ಸಲ ಹಾಗೆ ಮಾಡಿದಿರಿ. ಫ್ಯಾನ್ ಆಗಲೇ ತಿರುಗುತ್ತಿತ್ತು. ನೀವು ಹೆದರಿದ್ದಿರಿ, ನಾನು ಮುನಿಸಿಕೊಂಡಿದ್ದೆ. ಒಂದು ಜರ್ಮನ್ ಮಾತನ್ನೂ ಇಬ್ಬರೂ ಆಡಲಿಲ್ಲ.

ಮಾತಿನ ಪರೀಕ್ಷೆಯೊಂದನ್ನೇ ಸೆಪ್ಟೆಂಬರ್ ೬ರಂದು ಮತ್ತೆ ಕೊಡಬಹುದಂತೆ. ಅಲ್ಲಿಯವರೆಗೆ ಸ್ಥಾನ ಕಾದಿರಿಸಲು ಮೇಸ್ತ್ರಿ ಶಾಲೆಯವರನ್ನು ಒಪ್ಪಿಸಿದ್ದಾರೆ. ಅದೇ ಕೊನೆಯ ಅವಕಾಶ. ಅಣ್ಣನಿಗೆ ಹೇಳಿದೆ. “ಫೇಲಾಗಿದ್ದು ನಿಜಾನಾ, ಅದೂ ಸುಳ್ಳಾ?” ಎಂದ. ಅವನೀಗ ನನ್ನ ಕಾಗದ ಒಡೆಯುವುದಿಲ್ಲ. ಯಾರಿಂದ ಬಂತು ಎಂದು ಮಾತ್ರ ನಾಲ್ಕು ಸಲ ಕೇಳುತ್ತಾನೆ.

ಪ್ರತಿ ಭಾನುವಾರ ಹತ್ತು ಗಂಟೆಗೆ ಕಾರ್ಯಾಗಾರದ ಫೋನು ಬಳಸಲು ಮೇಸ್ತ್ರಿ ಒಪ್ಪಿದ್ದಾರೆ. ನಿಮ್ಮ ಮನೆಯ ಕೆಳಗಿನ ಔಷಧಿ ಅಂಗಡಿಯ ನಂಬರು ದೊಡ್ಡಮ್ಮ ಕೊಟ್ಟಿದ್ದಾರೆ. ಅರ್ಧ ಗಂಟೆ ಮಾತು, ಜರ್ಮನ್ ಮಾತ್ರ. ಮನೆಯಲ್ಲಿ ನಡೆದದ್ದನ್ನೆಲ್ಲ ಹೇಳುತ್ತೇನೆ. ತಪ್ಪುತಪ್ಪಾಗಿಯೇ ಹೇಳುತ್ತೇನೆ. ನೀವು ಸಿದ್ಧವಿದ್ದೀರಾ?


ಜೂನ್ ೨೪

ಮಗಳೇ,

ಇದ್ದೇನೆ.

ಔಷಧಿ ಅಂಗಡಿಯವನಿಗೆ ಹೇಳಿದ್ದೇನೆ. ಭಾನುವಾರ ಒಂಬತ್ತೂವರೆಯಿಂದಲೇ ಫೋನಿನ ಪಕ್ಕದ ಸ್ಟೂಲು ನನ್ನದು. ಮೊದಲ ಮಾತು ನೀನೇ ಆಡು. ನಡುವೆ ನಾನು ಬಾಯಿ ಹಾಕುವುದಿಲ್ಲ. ಅರ್ಥವಾಗದಿದ್ದರೆ ಮಾತ್ರ, ಇನ್ನೊಂದು ಸಲ ಹೇಳು ಎಂದು ಕೇಳುತ್ತೇನೆ.

ದೊಡ್ಡಪ್ಪ